ಬೆಂಗಳೂರಿನ ಬೆಳಗಿನ ಪ್ರಯಾಣ: ಎಲ್ಲಿ ಇಳಿಯಬೇಕು, ಎಲ್ಲಿ ಹತ್ತಬೇಕು

ಬೆಂಗಳೂರಿನಲ್ಲಿ ಬೆಳಗಿನ ಪ್ರಯಾಣದ ಮಾತು ಬಂದಾಗ ಜನ ಮೊದಲು ಕೇಳುವುದು, ನೀವು ಕಾರಿನಲ್ಲಿ ಹೋಗುತ್ತೀರೋ ಮೆಟ್ರೊದಲ್ಲಿ ಹೋಗುತ್ತೀರೋ ಎಂದು. ಬನಶಂಕರಿಯ ಮನೆಯಿಂದ ಹೊರವರ್ತುಲ ರಸ್ತೆಯ ಬೆಳ್ಳಂದೂರು ಭಾಗದ ಕಚೇರಿಗೆ ಹಲವು ವರ್ಷಗಳಿಂದ ಹೋಗಿಬರುತ್ತಿರುವ ನನಗೆ ಈ ಪ್ರಶ್ನೆಯಿಂದ ಯಾರಿಗೂ ಹೆಚ್ಚಿನ ಪ್ರಯೋಜನವಾದದ್ದು ಕಂಡಿಲ್ಲ. ಇಲ್ಲಿ ಬೆಳಗು ಹಗುರವಾಗುವುದೂ ಭಾರವಾಗುವುದೂ ಯಾವ ವಾಹನ ಎಂಬುದಕ್ಕಿಂತ ಹೆಚ್ಚಾಗಿ, ಮನೆಯಿಂದ ಎಷ್ಟು ಹೊತ್ತಿಗೆ ಹೊರಡುತ್ತೇವೆ ಮತ್ತು ಒಂದು ವಾಹನವನ್ನು ಬಿಟ್ಟು ಇನ್ನೊಂದನ್ನು ಎಲ್ಲಿ ಹಿಡಿಯುತ್ತೇವೆ ಎಂಬುದರ ಮೇಲೆ ನಿಂತಿದೆ. ಮನೆಯ ಬಾಗಿಲಿನಿಂದ ಕಚೇರಿಯ ಬಾಗಿಲಿನವರೆಗೆ ಒಂದೇ ವಾಹನದಲ್ಲಿ ಮುಟ್ಟಬೇಕೆಂಬ ಹಟವನ್ನು ಬಿಟ್ಟರೆ ಈ ಊರಿನ ಬೆಳಗು ಎಷ್ಟೋ ಸಹನೀಯವಾಗುತ್ತದೆ. ಹಾಗೆ ಬಿಡುವುದು ಹೇಗೆ, ಎಲ್ಲೆಲ್ಲಿ ಎಂಬುದನ್ನು ವಿವರವಾಗಿ ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ಮೊದಲು ನಗರದ ನಕ್ಷೆಯನ್ನು ಗಮನಿಸಬೇಕು. ಬೆಂಗಳೂರಿನ ದಟ್ಟಣೆ ಎಲ್ಲ ರಸ್ತೆಗಳ ಮೇಲೂ ಒಂದೇ ಸಮನಾಗಿ ಹರಡಿಕೊಂಡಿಲ್ಲ. ಊರಿನ ನಡುವಿನಿಂದ ಹೊರಟು ಬೇರೆ ಬೇರೆ ದಿಕ್ಕಿಗೆ ಸಾಗುವ ದೊಡ್ಡ ರಸ್ತೆಗಳು ಹೊರವರ್ತುಲ ರಸ್ತೆಯನ್ನು ಸಂಧಿಸುವ ಕೆಲವೇ ಜಾಗಗಳಲ್ಲಿ ಅದು ಗಂಟುಕಟ್ಟಿಕೊಳ್ಳುತ್ತದೆ. ಬಳ್ಳಾರಿ ರಸ್ತೆಗೆ ಹೆಬ್ಬಾಳ, ತುಮಕೂರು ರಸ್ತೆಗೆ ಗೊರಗುಂಟೆಪಾಳ್ಯ, ಮೈಸೂರು ರಸ್ತೆಗೆ ನಾಯಂಡಹಳ್ಳಿ, ಕನಕಪುರ ರಸ್ತೆಗೆ ಸಾರಕ್ಕಿ, ಹೊಸೂರು ರಸ್ತೆಗೆ ಸಿಲ್ಕ್ ಬೋರ್ಡ್, ಸರ್ಜಾಪುರ ರಸ್ತೆಗೆ ಇಬ್ಬಲೂರು, ಹಳೆ ಮದ್ರಾಸ್ ರಸ್ತೆಗೆ ಟಿನ್ ಫ್ಯಾಕ್ಟರಿ. ಬೆಳಗ್ಗೆ ಎಂಟೂವರೆಗೆ ಹೊರಟವರ ಸಮಯವನ್ನು ತಿನ್ನುವುದು ಒಟ್ಟು ದೂರವಲ್ಲ, ಈ ಗಂಟುಗಳ ಎರಡೂ ಬದಿಯ ಒಂದೊಂದು ಕಿಲೋಮೀಟರ್. ಈಗ ಇದೇ ನಕ್ಷೆಯ ಮೇಲೆ ಮೆಟ್ರೊ ಮಾರ್ಗಗಳನ್ನು ಇಟ್ಟು ನೋಡಿದರೆ, ಈ ಏಳರಲ್ಲಿ ಐದು ಕಡೆ ರೈಲು ವಾಹನಗಳ ತಲೆಯ ಮೇಲೆಯೇ ಹಾದುಹೋಗುತ್ತಿರುವುದು ಕಾಣುತ್ತದೆ. ಗೊರಗುಂಟೆಪಾಳ್ಯ ಮತ್ತು ಸಾರಕ್ಕಿಯನ್ನು ಹಸಿರು ಮಾರ್ಗ, ನಾಯಂಡಹಳ್ಳಿ ಮತ್ತು ಟಿನ್ ಫ್ಯಾಕ್ಟರಿಯನ್ನು ನೇರಳೆ ಮಾರ್ಗ, ಸಿಲ್ಕ್ ಬೋರ್ಡನ್ನು ಹಳದಿ ಮಾರ್ಗ ದಾಟಿಸುತ್ತವೆ. ಹೆಬ್ಬಾಳ ಮತ್ತು ಇಬ್ಬಲೂರಿನವರಿಗೆ ಮಾತ್ರ ಈ ಬರಹದ ಹೊತ್ತಿಗೂ ಆ ಸೌಲಭ್ಯ ಒದಗಿಲ್ಲ.

ನಾನು ಹೇಳಬೇಕೆಂದಿರುವ ಮುಖ್ಯ ಸಂಗತಿ ಇದೇ. ಗಂಟನ್ನು ರೈಲಿನಲ್ಲಿ ದಾಟಿ, ಅದರ ಆಚೆ ಈಚೆಗಿನ ದೂರಕ್ಕೆ ಕಾರು, ಸ್ಕೂಟರ್, ಬಸ್ಸು, ಆಟೊ, ನಡಿಗೆ ಯಾವುದು ಅನುಕೂಲವೋ ಅದನ್ನು ಬಳಸಿಕೊಳ್ಳಿ. ಕಾರು ಇಟ್ಟುಕೊಂಡವರು ಅದನ್ನು ಮಾರಬೇಕಿಲ್ಲ. ಮನೆಯಿಂದ ನಿಲ್ದಾಣದವರೆಗಿನ ಎರಡು ಮೂರು ಕಿಲೋಮೀಟರಿಗೆ, ಮಕ್ಕಳನ್ನು ಶಾಲೆಗೆ ಬಿಟ್ಟು ಮುಂದುವರಿಯುವುದಕ್ಕೆ, ಮಳೆಯಲ್ಲಿ ವಯಸ್ಸಾದವರನ್ನು ಕರೆದೊಯ್ಯುವುದಕ್ಕೆ ಅದು ಉತ್ತಮ ವಾಹನವೇ. ಅದೇ ಕಾರು ಇಬ್ಬಲೂರಿನ ಸಿಗ್ನಲ್ಲಿನಲ್ಲಿ ಒಬ್ಬರೇ ಒಬ್ಬರನ್ನು ಕೂರಿಸಿಕೊಂಡು ನಿಂತಾಗ ಅವರಿಗೂ ಸುಖವಿಲ್ಲ, ಹಿಂದಿರುವ ಬಸ್ಸಿನೊಳಗೆ ನಿಂತುಕೊಂಡಿರುವ ಅಷ್ಟೂ ಜನರಿಗೂ ಇಲ್ಲ.

ಕಾರನ್ನು ನಿಲ್ದಾಣದಲ್ಲಿ ಬಿಡುವುದು ಹೇಳಿದಷ್ಟು ಸುಲಭವಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು. ಬೈಯಪ್ಪನಹಳ್ಳಿ ಮತ್ತು ನಾಗಸಂದ್ರದಂಥ ಕೆಲವು ನಿಲ್ದಾಣಗಳಲ್ಲಿ ಕಾರುಗಳಿಗೆ ದೊಡ್ಡ ಜಾಗವಿದೆ, ಆದರೆ ಬಹುಪಾಲು ನಿಲ್ದಾಣಗಳಲ್ಲಿ ಇರುವುದು ದ್ವಿಚಕ್ರ ವಾಹನಗಳಿಗೆ ಸಾಲುವಷ್ಟು ಜಾಗ ಮಾತ್ರ, ಕೆಲವು ಕಡೆ ಅದೂ ಇಲ್ಲ. ಇಲ್ಲಿ ಹಲವರ ಗಮನಕ್ಕೆ ಬಾರದ ಒಂದು ದಾರಿಯಿದೆ. ಕೇಂದ್ರ ಸರ್ಕಾರದ ನಗರಾಭಿವೃದ್ಧಿ ಯೋಜನೆಯಾಗಿದ್ದ ಜೆ-ನರ್ಮ್‌ನ ಕಾಲದಲ್ಲಿ, ನಗರದ ಬಸ್ಸುಗಳನ್ನು ಓಡಿಸುವ ಬಿಎಂಟಿಸಿ ಕಟ್ಟಿದ ಟಿಟಿಎಂಸಿ (ಸಂಚಾರ ಮತ್ತು ಸಾರಿಗೆ ನಿರ್ವಹಣಾ ಕೇಂದ್ರ) ಕಟ್ಟಡಗಳಲ್ಲಿ ಕೆಳಗೆ ಬಸ್ಸುಗಳ ಅಂಕಣ, ಜೊತೆಗೆ ವಾಹನ ನಿಲುಗಡೆಯ ಮಹಡಿಗಳಿವೆ. ಜಯನಗರ, ಶಾಂತಿನಗರ, ವಿಜಯನಗರ, ಯಶವಂತಪುರ, ದೊಮ್ಮಲೂರು ಮುಂತಾದ ಕಡೆ ಇಂಥ ಕಟ್ಟಡಗಳಿದ್ದು, ಬನಶಂಕರಿ ಮತ್ತು ಕೆಂಗೇರಿಯಲ್ಲಿ ಮೆಟ್ರೊ ನಿಲ್ದಾಣವೂ ಪಕ್ಕದಲ್ಲೇ ಇದೆ. ಮನೆ ಇವುಗಳ ಸುತ್ತಮುತ್ತ ಇದ್ದವರು ಒಂದು ಶನಿವಾರ ಹೋಗಿ, ದಿನವಿಡೀ ನಿಲ್ಲಿಸಲು ದರ ಎಷ್ಟು, ತಿಂಗಳ ಪಾಸು ಕೊಡುತ್ತಾರೋ ಇಲ್ಲವೋ ಎಂದು ವಿಚಾರಿಸಿ ಬರುವುದು ಒಳ್ಳೆಯದು. ನಿಲ್ದಾಣದ ಎದುರಿನ ಅಡ್ಡರಸ್ತೆಯಲ್ಲಿ ಯಾರದೋ ಮನೆಯ ಗೇಟಿನ ಮುಂದೆ ಕಾರು ಬಿಟ್ಟು ಹೋಗುವ ಅಭ್ಯಾಸವನ್ನು ಮಾತ್ರ ದಯವಿಟ್ಟು ಯಾರೂ ಮಾಡಿಕೊಳ್ಳಬಾರದು. ಆ ರಸ್ತೆಯ ಜನ ಮೆಟ್ರೊವನ್ನೇ ಶಪಿಸುವಂತಾಗುತ್ತದೆ.

ಇನ್ನೂ ಸರಳವಾದುದು, ಮನೆಯವರಲ್ಲಿ ಒಬ್ಬರು ಇನ್ನೊಬ್ಬರನ್ನು ನಿಲ್ದಾಣಕ್ಕೆ ಬಿಟ್ಟು ತಮ್ಮ ದಾರಿ ಹಿಡಿಯುವುದು. ಅದೂ ಆಗದಿದ್ದರೆ ಆಟೊ. 2025ರ ಆಗಸ್ಟ್‌ನಿಂದ ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ, ನಂತರದ ಪ್ರತಿ ಕಿಲೋಮೀಟರಿಗೆ 18 ರೂಪಾಯಿ ಎಂದು ನಗರದಲ್ಲಿ ಮೀಟರ್ ದರ ನಿಗದಿಯಾಗಿದೆ. ಹತ್ತಿರದ ದೂರಕ್ಕೆ ಮೀಟರಿನಲ್ಲಿ ಬರುವ ಚಾಲಕರು ಸಿಗುವುದು ಕಷ್ಟ ಎಂಬ ದೂರಿನಲ್ಲಿ ಹುರುಳಿದೆ. ಆದರೆ ದಿನವೂ ಒಂದೇ ಹೊತ್ತಿಗೆ ಹೊರಡುವವರು ತಮ್ಮ ಬೀದಿಯ ಚಾಲಕರೊಬ್ಬರೊಂದಿಗೆ ತಿಂಗಳ ಲೆಕ್ಕದಲ್ಲಿ ಮಾತನಾಡಿಕೊಳ್ಳುವುದು ಬೆಂಗಳೂರಿನಲ್ಲಿ ಹಿಂದಿನಿಂದಲೂ ಇರುವ ಪದ್ಧತಿ. ಶಾಲೆಯ ಮಕ್ಕಳಿಗೆ ಮಾಡುವ ಈ ಏರ್ಪಾಡನ್ನು ಇಬ್ಬರು ಮೂವರು ನೆರೆಯವರು ಸೇರಿ ನಿಲ್ದಾಣದ ದಾರಿಗೂ ಮಾಡಿಕೊಳ್ಳಬಹುದು.

ಹೊರವರ್ತುಲ ರಸ್ತೆಯ ಕಚೇರಿಗಳಿಗೆ ಹೋಗುವವರ ವಿಚಾರವನ್ನು ಸ್ವಲ್ಪ ಹೆಚ್ಚು ಬಿಡಿಸಿ ಹೇಳಬೇಕು, ಏಕೆಂದರೆ ಊರಿನಲ್ಲಿ ಅತಿ ಹೆಚ್ಚು ಬಳಲುತ್ತಿರುವವರಲ್ಲಿ ಅವರೂ ಸೇರಿದ್ದಾರೆ ಮತ್ತು ನಾನೂ ಅವರಲ್ಲೊಬ್ಬ. ಸಿಲ್ಕ್ ಬೋರ್ಡ್‌ನಿಂದ ಕೃಷ್ಣರಾಜಪುರದವರೆಗಿನ ಈ ಭಾಗದಲ್ಲಿ ಅಗರ, ಇಬ್ಬಲೂರು, ಬೆಳ್ಳಂದೂರು, ದೇವರಬೀಸನಹಳ್ಳಿ, ಕಾಡುಬೀಸನಹಳ್ಳಿ, ಮಾರತಹಳ್ಳಿ, ದೊಡ್ಡನೆಕ್ಕುಂದಿ, ಮಹದೇವಪುರ ಎಂದು ಸಾಲಾಗಿ ಕಚೇರಿಗಳ ಸಮೂಹಗಳಿವೆ. ನೀಲಿ ಮಾರ್ಗದ ಕಾಮಗಾರಿ ಇದೇ ರಸ್ತೆಯ ನಡುವೆ ನಡೆಯುತ್ತಿರುವುದರಿಂದ ಇರುವ ಪಥಗಳೂ ಕಿರಿದಾಗಿವೆ. ಈ ಭಾಗವನ್ನು ಎರಡು ಬಾಗಿಲುಗಳಿರುವ ಓಣಿಯೆಂದು ಭಾವಿಸಿಕೊಂಡರೆ ಪ್ರಯಾಣದ ಯೋಜನೆ ಸುಲಭವಾಗುತ್ತದೆ. ದಕ್ಷಿಣದ ಬಾಗಿಲು ಸಿಲ್ಕ್ ಬೋರ್ಡ್‌ನ ಹಳದಿ ಮಾರ್ಗದ ನಿಲ್ದಾಣ. ಉತ್ತರದ ಬಾಗಿಲು ನೇರಳೆ ಮಾರ್ಗದ ಬೆನ್ನಿಗಾನಹಳ್ಳಿ ಮತ್ತು ಕೃಷ್ಣರಾಜಪುರ ನಿಲ್ದಾಣಗಳು. ಕಚೇರಿ ಬೆಳ್ಳಂದೂರಿನವರೆಗೆ ಇದ್ದರೆ ದಕ್ಷಿಣದಿಂದ, ಮಾರತಹಳ್ಳಿಯ ಆಚೆಗಿದ್ದರೆ ಉತ್ತರದಿಂದ ಒಳಹೊಕ್ಕು, ಉಳಿದ ದೂರಕ್ಕೆ ಬಿಎಂಟಿಸಿಯ 500 ಸರಣಿಯ ಬಸ್ಸು ಹಿಡಿಯುವುದು ಉತ್ತಮ. ಮನೆ ಎಲ್ಲಿದೆ ಎಂಬುದನ್ನು ನೋಡಿ ಬಾಗಿಲನ್ನು ಆರಿಸುವವರೇ ಹೆಚ್ಚು. ನೋಡಬೇಕಾದದ್ದು ಕಚೇರಿ ಎಲ್ಲಿದೆ ಎಂಬುದನ್ನು. ಜಯನಗರದಲ್ಲಿ ಮನೆಯಿದ್ದು ಮಹದೇವಪುರದಲ್ಲಿ ಕೆಲಸ ಮಾಡುವವರು ಹಸಿರು ಮಾರ್ಗದಲ್ಲಿ ಮೆಜೆಸ್ಟಿಕ್‌ಗೆ ಬಂದು, ನೇರಳೆ ಮಾರ್ಗದಲ್ಲಿ ಕೃಷ್ಣರಾಜಪುರದವರೆಗೆ ಹೋಗಿ ಬಸ್ಸಿನಲ್ಲಿ ಸ್ವಲ್ಪ ಹಿಂದಕ್ಕೆ ಬರುವುದು ನಕ್ಷೆಯ ಮೇಲೆ ಸುತ್ತು ಬಳಸಿದಂತೆ ಕಂಡರೂ, ಸಿಲ್ಕ್ ಬೋರ್ಡ್‌ನಿಂದ ಆ ಇಡೀ ಓಣಿಯನ್ನು ರಸ್ತೆಯ ಮೇಲೆ ಹಾಯುವುದಕ್ಕಿಂತ ನೆಮ್ಮದಿಯ ದಾರಿ. ಕಾಡುಬೀಸನಹಳ್ಳಿಯವರಿಗೆ ಎರಡೂ ಬಾಗಿಲು ದೂರವೇ, ಅವರು ಎರಡನ್ನೂ ಒಂದೊಂದು ವಾರ ಪ್ರಯತ್ನಿಸಿ ನೋಡಬೇಕು.

ಹಳದಿ ಮಾರ್ಗ ಬಂದಮೇಲೆ ದಕ್ಷಿಣ ಬೆಂಗಳೂರಿನ ಬೆಳಗು ನಿಜಕ್ಕೂ ಬದಲಾಗಿದೆ. ರಾಷ್ಟ್ರೀಯ ವಿದ್ಯಾಲಯ ರಸ್ತೆಯಿಂದ ಬೊಮ್ಮಸಂದ್ರದವರೆಗೆ 19 ಕಿಲೋಮೀಟರಿಗೂ ಹೆಚ್ಚು ಉದ್ದದ, 16 ನಿಲ್ದಾಣಗಳ ಈ ಮಾರ್ಗ 2025ರ ಆಗಸ್ಟ್‌ನಲ್ಲಿ ಆರಂಭವಾಯಿತು. ಎಲೆಕ್ಟ್ರಾನಿಕ್ ಸಿಟಿಯ ಎಂಜಿನಿಯರುಗಳಿಗೆ ಎಷ್ಟೋ, ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಕಾರ್ಖಾನೆಗಳಿಗೆ ಹೋಗುವ ಹೆಣ್ಣುಮಕ್ಕಳಿಗೆ ಮತ್ತು ಬೊಮ್ಮಸಂದ್ರದ ಕೈಗಾರಿಕಾ ಪ್ರದೇಶದ ಕಾರ್ಮಿಕರಿಗೆ ಅಷ್ಟೇ ಮುಖ್ಯವಾದ ಮಾರ್ಗವಿದು. ಮೊದಲಿಗೆ ಮೂರೇ ರೈಲುಗಳಿದ್ದು 25 ನಿಮಿಷಕ್ಕೊಮ್ಮೆ ಓಡುತ್ತಿದ್ದವು. ನಂತರ ರೈಲುಗಳು ಸೇರಿದಂತೆ ಅಂತರ ಕಡಿಮೆಯಾಗುತ್ತ ಬಂದಿದೆ. ಹಾಗಿದ್ದರೂ ಹಸಿರು ಮತ್ತು ನೇರಳೆ ಮಾರ್ಗಗಳಲ್ಲಿ ಮಾಡುವಂತೆ ಸಮಯ ನೋಡದೆ ನಿಲ್ದಾಣಕ್ಕೆ ಹೋಗಿ ನಿಲ್ಲುವುದಕ್ಕಿಂತ, ರಾಷ್ಟ್ರೀಯ ವಿದ್ಯಾಲಯ ರಸ್ತೆಯಿಂದ ಹಳದಿ ರೈಲು ಹೊರಡುವ ಸಮಯವನ್ನು ನೋಡಿಕೊಂಡು, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ ಮನೆ ಬಿಡುವುದು ಒಳ್ಳೆಯದು. ಬನಶಂಕರಿಯವರಿಗೆ ಅದು ಮುಂದಿನ ನಿಲ್ದಾಣವೇ. ರಾಜಾಜಿನಗರ, ಯಶವಂತಪುರದ ಕಡೆಯಿಂದ ಬರುವವರು ಮಾರ್ಗ ಬದಲಿಸಲು ಬೇಕಾಗುವ ಏರಿಳಿತದ ಸಮಯವನ್ನೂ ಸೇರಿಸಿಕೊಳ್ಳಬೇಕು.

ಹೊರವರ್ತುಲ ರಸ್ತೆಯ ಕಚೇರಿಗಳಿಗೆ ಬನಶಂಕರಿಯಿಂದ 500 ಸರಣಿಯ ನೇರ ಬಸ್ಸುಗಳೂ ಇವೆ ಎಂಬುದನ್ನು ಮರೆಯಬಾರದು. ಹೊರಡುವ ನಿಲ್ದಾಣದಲ್ಲೇ ಹತ್ತುವುದರಿಂದ ಸೀಟು ಸಿಗುತ್ತದೆ, ಇಳಿದು ಹತ್ತುವ ತಾಪತ್ರಯವಿಲ್ಲ. ಏಳೂವರೆಯೊಳಗೆ ಹೊರಡುವುದಾದರೆ ನಾನು ಬಸ್ಸನ್ನೇ ಆರಿಸುತ್ತೇನೆ, ಎಂಟರ ನಂತರವಾದರೆ ರೈಲನ್ನು. ಏಳೂವರೆ ಎಂಬ ಈ ಗೆರೆ ನಾನು ಸುಮ್ಮನೆ ಎಳೆದದ್ದಲ್ಲ. ಆ ಹೊತ್ತಿನ ನಂತರ ಶಾಲಾ ವಾಹನಗಳು ಬಡಾವಣೆಗಳ ಒಳರಸ್ತೆಗಳಿಂದ ಮುಖ್ಯರಸ್ತೆಗೆ ಬರತೊಡಗುತ್ತವೆ, ಎಂಟೂವರೆಯ ಹೊತ್ತಿಗೆ ಕಚೇರಿಯ ಕಾರುಗಳೂ ಕ್ಯಾಬುಗಳೂ ಸೇರಿಕೊಳ್ಳುತ್ತವೆ. ಆಮೇಲೆ ಹತ್ತೂವರೆಯವರೆಗೆ ರಸ್ತೆಯ ಮೇಲೆ ಯಾವ ಜಾಣತನವೂ ನಡೆಯುವುದಿಲ್ಲ. ವಾರದಲ್ಲಿ ಮಂಗಳವಾರದಿಂದ ಗುರುವಾರದವರೆಗೆ ಹೊರವರ್ತುಲ ರಸ್ತೆ ಹೆಚ್ಚು ತುಂಬಿರುತ್ತದೆ ಎಂಬುದು ನನ್ನ ಅನುಭವ. ವಾರಕ್ಕೆ ಮೂರು ದಿನ ಕಚೇರಿಗೆ ಬನ್ನಿ ಎಂದು ಹೇಳುವ ಸಂಸ್ಥೆಗಳ ಉದ್ಯೋಗಿಗಳಲ್ಲಿ ಬಹಳ ಮಂದಿ ಅದೇ ಮೂರು ದಿನಗಳನ್ನು ಆರಿಸಿಕೊಳ್ಳುತ್ತಾರೆ. ದಿನವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಇದ್ದವರು ಶುಕ್ರವಾರವನ್ನು ತಮ್ಮ ಕಚೇರಿಯ ದಿನಗಳಲ್ಲಿ ಒಂದಾಗಿ ಇಟ್ಟುಕೊಂಡರೆ ಬೆಳಗಿನ ಮಟ್ಟಿಗೆ ವ್ಯತ್ಯಾಸ ಕಾಣುತ್ತದೆ. ಬೇಗ ಹೊರಟು, ಕಚೇರಿಯ ಬಳಿಯ ದರ್ಶಿನಿಯಲ್ಲಿ ತಿಂಡಿ ಮಾಡಿ, ಯಾರೂ ಬಾರದ ಮೊದಲ ಗಂಟೆಯಲ್ಲಿ ಕೆಲಸ ಮುಗಿಸಿಕೊಳ್ಳುವವರನ್ನು ಹಲವರನ್ನು ಬಲ್ಲೆ. ಮನೆಯಲ್ಲಿ ಚಿಕ್ಕ ಮಕ್ಕಳಿರುವವರಿಗೆ, ಅದರಲ್ಲೂ ಅಡುಗೆ, ಡಬ್ಬಿ, ಶಾಲೆಯ ಸಿದ್ಧತೆಯ ಹೊಣೆಯೆಲ್ಲ ಒಬ್ಬರ ಮೇಲೆಯೇ ಬಿದ್ದಿರುವ ಮನೆಗಳಲ್ಲಿ ಆ ಒಬ್ಬರಿಗೆ, ಬೇಗ ಹೊರಡಿ ಎಂಬ ಸಲಹೆ ಕ್ರೂರವಾಗಿ ಕೇಳಿಸೀತು. ಅಂಥವರಿಗೆ ಕಚೇರಿಗಳೇ ಹನ್ನೊಂದರ ನಂತರ ಬರುವ ಅವಕಾಶ ಕೊಡಬೇಕು. ಅದು ಕೇಳಿ ಪಡೆಯಬೇಕಾದ ಸೌಲಭ್ಯ.

ಮೆಟ್ರೊದ ಒಳಗಿನ ಕೆಲವು ತಿಳಿವಳಿಕೆಗಳು ಸಣ್ಣವಾದರೂ ನಿತ್ಯ ಉಪಯೋಗಕ್ಕೆ ಬರುತ್ತವೆ. 2011ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆಯವರೆಗೆ ಮೊದಲ ರೈಲು ಓಡಿದಾಗ ಅದು ನೋಡಲು ಹೋಗುವ ವಸ್ತುವಾಗಿತ್ತು. 2023ರ ಅಕ್ಟೋಬರ್ 9ರಂದು ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ನೇರಳೆ ಮಾರ್ಗ ಪೂರ್ಣಗೊಂಡ ಮೇಲೆ ಅದು ಸುಮಾರು 43 ಕಿಲೋಮೀಟರ್ ಉದ್ದದ, ಊರಿನ ಪೂರ್ವ ಪಶ್ಚಿಮಗಳನ್ನು ಹೊಲಿದ ಮಾರ್ಗವಾಗಿದೆ. ಬೆಳಗಿನ ದಟ್ಟಣೆಯ ಹೊತ್ತಿನಲ್ಲಿ ಮೆಜೆಸ್ಟಿಕ್‌ನಿಂದಲೇ ಗರುಡಾಚಾರ್‌ಪಾಳ್ಯದ ಕಡೆಗೆ ಹೊರಡುವ ಹೆಚ್ಚುವರಿ ರೈಲುಗಳನ್ನು ಓಡಿಸುತ್ತ ಬಂದಿದ್ದಾರೆ. ಹಸಿರು ಮಾರ್ಗದಿಂದ ಇಳಿದು ಬಂದವರು ಎದುರಿಗೆ ಬಂದ ಕಿಕ್ಕಿರಿದ ರೈಲಿಗೇ ನುಗ್ಗುವ ಬದಲು, ನಿಲ್ದಾಣದ ಫಲಕವನ್ನೂ ಘೋಷಣೆಯನ್ನೂ ಗಮನಿಸಿ, ಇಲ್ಲಿಂದಲೇ ಆರಂಭವಾಗುವ ಖಾಲಿ ರೈಲಿಗೆ ಕೆಲವು ನಿಮಿಷ ಕಾಯ್ದರೆ ಕುಳಿತೇ ಹೋಗಬಹುದು. ಆ ರೈಲು ಎಲ್ಲಿಯವರೆಗೆ ಹೋಗುತ್ತದೆ ಎಂಬುದನ್ನು ಮಾತ್ರ ಹತ್ತುವ ಮೊದಲು ಓದಿಕೊಳ್ಳಬೇಕು, ಅದಕ್ಕೂ ಮುಂದಿನ ನಿಲ್ದಾಣಕ್ಕೆ ಹೋಗುವವರು ಮತ್ತೆ ರೈಲು ಬದಲಿಸಬೇಕಾಗುತ್ತದೆ.

ಟಿಕೆಟ್ಟಿನ ಸಾಲನ್ನು ತಪ್ಪಿಸಲು ಕಾರ್ಡ್ ಇಟ್ಟುಕೊಳ್ಳುವುದು ಸರಿಯಾದ ಕ್ರಮ. 2025ರ ಫೆಬ್ರುವರಿಯಲ್ಲಿ ದರ ಪರಿಷ್ಕರಣೆಯಾದಾಗ ಗರಿಷ್ಠ ದರ 60 ರೂಪಾಯಿಯಿಂದ 90 ರೂಪಾಯಿಗೆ ಏರಿತು. ಕಾರ್ಡ್ ಬಳಸುವವರಿಗೆ ಶೇ 5ರ ರಿಯಾಯಿತಿ, ದಟ್ಟಣೆಯಿಲ್ಲದ ಅವಧಿಯಲ್ಲಿ ಇನ್ನೂ ಶೇ 5ರ ರಿಯಾಯಿತಿ ಎಂದು ಆಗ ಪ್ರಕಟಿಸಿದರು. ಕಾರ್ಡಿನಲ್ಲಿ ಕನಿಷ್ಠ 90 ರೂಪಾಯಿ ಇರಬೇಕೆಂಬ ನಿಯಮವೂ ಬಂತು. ಹೀಗಾಗಿ ಹಣ ತುಂಬಿಸುವ ಕೆಲಸವನ್ನು ಹಿಂದಿನ ರಾತ್ರಿಯೇ ಮುಗಿಸಿಕೊಂಡರೆ ಗೇಟಿನ ಮುಂದೆ ತಡವಾಗುವುದಿಲ್ಲ. ದರ ಏರಿಕೆ ಕಡಿಮೆ ಸಂಬಳದವರನ್ನು ಮೆಟ್ರೊದಿಂದ ಮತ್ತೆ ಸ್ಕೂಟರಿಗೆ ತಳ್ಳುತ್ತದೆ ಎಂಬ ಆತಂಕ ನನಗೆ ಈಗಲೂ ಇದೆ. ಇಬ್ಬರು ದುಡಿಯುವ ಮನೆಯಲ್ಲಿ ದಿನಕ್ಕೆ ನಾಲ್ಕು ಪ್ರಯಾಣಗಳ ದರವನ್ನು ಕೂಡಿಸಿ ನೋಡಿದರೆ ಒಂದು ದ್ವಿಚಕ್ರ ವಾಹನದ ಪೆಟ್ರೋಲ್ ಖರ್ಚು ಕಡಿಮೆ ಎನ್ನಿಸುವುದು ಸಹಜ. ರಸ್ತೆಯನ್ನು ಹಗುರ ಮಾಡಬೇಕೆಂಬ ಉದ್ದೇಶದಿಂದ ಕಟ್ಟಿದ ರೈಲು ಆ ಲೆಕ್ಕದಲ್ಲಿ ಸೋಲಬಾರದು.

ಬಸ್ಸಿನ ಬಗ್ಗೆ ನನಗೆ ವಿಶೇಷ ಅಭಿಮಾನವಿದೆ, ಅದನ್ನು ಮುಚ್ಚಿಡುವುದಿಲ್ಲ. ರೈಲು ಹೋಗದ ಕಡೆಗೆಲ್ಲ ಹೋಗುವುದು ಬಿಎಂಟಿಸಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರಿಗೆ ಪ್ರಯಾಣ ಉಚಿತವಾಗಿದ್ದು, ಮನೆಗೆಲಸಕ್ಕೆ, ಆಸ್ಪತ್ರೆಯ ಶುಚಿತ್ವದ ಕೆಲಸಕ್ಕೆ, ಗಾರ್ಮೆಂಟ್ಸ್‌ಗೆ ಬೆಳಗ್ಗೆ ಆರೂವರೆಗೆ ಹೊರಡುವವರ ತಿಂಗಳ ಲೆಕ್ಕವನ್ನೇ ಅದು ಬದಲಿಸಿದೆ. ಹವಾನಿಯಂತ್ರಿತ ವಜ್ರ ಬಸ್ಸುಗಳಿಗೆ ಈ ಯೋಜನೆ ಅನ್ವಯಿಸುವುದಿಲ್ಲ. ಒಂದೇ ದಿನ ಎರಡು ಮೂರು ಬಸ್ಸು ಬದಲಿಸುವವರಿಗೆ ದಿನದ ಪಾಸು, ನಿತ್ಯ ಓಡಾಡುವವರಿಗೆ ತಿಂಗಳ ಪಾಸು ಬಿಡಿ ಟಿಕೆಟ್ಟಿಗಿಂತ ಅಗ್ಗ, ಚಿಲ್ಲರೆಯ ತಕರಾರೂ ತಪ್ಪುತ್ತದೆ. ಬಸ್ಸು ಎಲ್ಲಿದೆ ಎಂಬುದನ್ನು ‘ನಮ್ಮ ಬಿಎಂಟಿಸಿ’ ಆ್ಯಪ್‌ನಲ್ಲಿ ನೋಡಬಹುದು. ಆ್ಯಪ್ ತೋರಿಸುವ ನಿಮಿಷಗಳನ್ನು ಪೂರ್ತಿ ನಂಬದೆ, ಬಸ್ಸು ಈಗ ಯಾವ ನಿಲ್ದಾಣ ದಾಟಿದೆ ಎಂಬುದನ್ನಷ್ಟೇ ನೋಡಿ, ಉಳಿದ ದೂರಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನು ನಿಮ್ಮ ಅನುಭವದಿಂದಲೇ ಅಂದಾಜು ಮಾಡಿಕೊಳ್ಳಿ. ಹೊಸಬರಿಗೆ ಇನ್ನೊಂದು ಮಾತು: ಒಂದೇ ದಾರಿಯಲ್ಲಿ ಹೋಗುವ ಮೂರು ನಾಲ್ಕು ಮಾರ್ಗಸಂಖ್ಯೆಗಳನ್ನು ಗುರುತಿಟ್ಟುಕೊಳ್ಳಬೇಕು. ಹೊರವರ್ತುಲ ರಸ್ತೆಯಲ್ಲಿ 500ಡಿ ಬಸ್ಸಿಗೇ ಕಾಯುತ್ತ ನಿಂತು, ಅದೇ ನಿಲ್ದಾಣಕ್ಕೆ ಹೋಗುವ 500 ಸರಣಿಯ ಬೇರೆ ಬಸ್ಸುಗಳನ್ನು ಬಿಟ್ಟುಬಿಡುವವರನ್ನು ದಿನವೂ ಕಾಣುತ್ತೇನೆ. ಕಂಡಕ್ಟರನ್ನು ಕೇಳಿದರೆ ಹೇಳುತ್ತಾರೆ.

2019ರ ಅಕ್ಟೋಬರ್‌ನಲ್ಲಿ ಇದೇ ಹೊರವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡ್‌ನಿಂದ ಟಿನ್ ಫ್ಯಾಕ್ಟರಿಯ ಕಡೆಗೆ ಬಸ್ಸುಗಳಿಗೆಂದು ಪ್ರತ್ಯೇಕ ಆದ್ಯತಾ ಪಥವನ್ನು ಗುರುತಿಸಿ, ಕಂಬಗಳನ್ನು ನೆಟ್ಟಿದ್ದರು. ಪಕ್ಕದ ಪಥಗಳಲ್ಲಿ ಕಾರುಗಳು ನಿಂತಿದ್ದಾಗ ಬಸ್ಸು ಅವುಗಳನ್ನು ದಾಟಿ ಮುಂದೆ ಹೋಗುವುದನ್ನು ನೋಡಿ, ಕಾರಿನಲ್ಲಿದ್ದ ನನ್ನ ಸಹೋದ್ಯೋಗಿಗಳಲ್ಲಿ ಕೆಲವರು ಬಸ್ಸಿಗೆ ಬದಲಾದರು. ಕೋವಿಡ್ ಬಂತು, ನಂತರ ಮೆಟ್ರೊ ಕಾಮಗಾರಿ ಬಂತು, ಆ ಪಥ ಅಳಿಸಿಹೋಯಿತು. ಕಾಮಗಾರಿ ಮುಗಿದು ರಸ್ತೆ ಮತ್ತೆ ಅಗಲವಾದಾಗ ಮೊದಲು ಹಿಂದಿರುಗಬೇಕಾದದ್ದು ಬಸ್ಸಿನ ಆ ಪಥ ಎಂದು ನಾನು ದೃಢವಾಗಿ ನಂಬಿದ್ದೇನೆ. ಬಸ್ಸಿಗೆ ಸಮಯದ ಭರವಸೆ ಸಿಕ್ಕರೆ ಕಾರು ಬಿಡಿ ಎಂದು ಯಾರಿಗೂ ಉಪದೇಶ ಮಾಡಬೇಕಾಗಿಲ್ಲ.

ವಾರಾಂತ್ಯಕ್ಕೆ ಊರಿಗೆ ಹೋಗಿ ಸೋಮವಾರ ಬೆಳಗ್ಗೆ ಹಿಂದಿರುಗುವವರಿಗೆ ಹೇಳಬೇಕಾದ ಮಾತುಗಳಿವೆ, ಏಕೆಂದರೆ ಈ ನಗರದ ಸೋಮವಾರದ ದಟ್ಟಣೆ ಶುರುವಾಗುವುದೇ ಅವರಿಂದ. ಹುಬ್ಬಳ್ಳಿ, ದಾವಣಗೆರೆ, ಶಿವಮೊಗ್ಗದ ಬಸ್ಸುಗಳೂ, ಮಂಗಳೂರು ಹಾಸನದ ಕಡೆಯಿಂದ ಕುಣಿಗಲ್ ದಾರಿಯಲ್ಲಿ ಬರುವ ಬಸ್ಸುಗಳೂ ನೆಲಮಂಗಲದಲ್ಲಿ ಸೇರಿ ತುಮಕೂರು ರಸ್ತೆಯಲ್ಲೇ ನಗರದೊಳಗೆ ಬರುತ್ತವೆ. ಮೆಜೆಸ್ಟಿಕ್‌ವರೆಗೆ ಬಸ್ಸಿನಲ್ಲೇ ಕುಳಿತಿರಬೇಕೆಂಬ ನಿಯಮವೇನೂ ಇಲ್ಲ. 2024ರ ನವೆಂಬರ್‌ನಲ್ಲಿ ಹಸಿರು ಮಾರ್ಗ ನಾಗಸಂದ್ರದಿಂದ ಮಾದಾವರದವರೆಗೆ ವಿಸ್ತರಣೆಯಾಗಿದೆ. ಹಿಂದಿನ ರಾತ್ರಿಯೇ ಚಾಲಕರಿಗೋ ನಿರ್ವಾಹಕರಿಗೋ ಹೇಳಿಟ್ಟು, ನಾಗಸಂದ್ರ ಅಥವಾ ಜಾಲಹಳ್ಳಿ ಕ್ರಾಸ್ ಬಳಿ ಇಳಿದು ಮೆಟ್ರೊ ಹತ್ತಿದರೆ ಗೊರಗುಂಟೆಪಾಳ್ಯದ ದಟ್ಟಣೆಯನ್ನು ಮೇಲಿನಿಂದಲೇ ದಾಟಬಹುದು. ಮೈಸೂರು, ಮಂಡ್ಯದ ಕಡೆಯಿಂದ ಬರುವವರಿಗೆ ಕೆಂಗೇರಿ, ಕೋಲಾರದ ಕಡೆಯವರಿಗೆ ಕೃಷ್ಣರಾಜಪುರ, ಹೊಸೂರಿನ ಕಡೆಯವರಿಗೆ ಬೊಮ್ಮಸಂದ್ರ ಇದೇ ಕೆಲಸ ಮಾಡುತ್ತವೆ. ಊರಿನಿಂದ ಬರುವವರಿಗೆಂದೇ 2025ರ ಜನವರಿಯಿಂದ ಸೋಮವಾರಗಳಂದು ಹಸಿರು ಮತ್ತು ನೇರಳೆ ಮಾರ್ಗಗಳ ಸೇವೆಯನ್ನು ಬೆಳಗ್ಗೆ 5ರ ಬದಲು 4.15ಕ್ಕೇ ಆರಂಭಿಸಿದರು. ಅಮ್ಮ ಕಟ್ಟಿಕೊಟ್ಟ ಚೀಲಗಳು ಜೊತೆಗಿರುವಾಗ ಆ ಹೊತ್ತಿನ ಖಾಲಿ ಬೋಗಿ ದೊಡ್ಡ ಅನುಕೂಲ.

ಹಳೆಯ ರೈಲುಮಾರ್ಗಗಳನ್ನು ಮರೆತವರೇ ಹೆಚ್ಚು. 2001ರಲ್ಲಿ ಕೋಲಾರದ ಚಿನ್ನದ ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ಸಾವಿರಾರು ಕುಟುಂಬಗಳು ಮಾರಿಕುಪ್ಪಂನಿಂದ ಬೆಂಗಳೂರಿಗೆ ಬರುವ ಬೆಳಗಿನ ರೈಲುಗಳನ್ನು ನೆಚ್ಚಿಕೊಂಡೇ ಬದುಕಿವೆ. ಬಂಗಾರಪೇಟೆ, ಮಾಲೂರಿನವರೂ ಅದೇ ದಾರಿಯವರು. ಮೊದಲು ಇವರೆಲ್ಲ ದಂಡು ನಿಲ್ದಾಣಕ್ಕೋ ಮೆಜೆಸ್ಟಿಕ್‌ಗೋ ಹೋಗಿ ಮತ್ತೆ ಬಸ್ಸು ಹಿಡಿಯಬೇಕಿತ್ತು. ಈಗ ವೈಟ್‌ಫೀಲ್ಡ್ ಅಥವಾ ಕೃಷ್ಣರಾಜಪುರದಲ್ಲಿ ಇಳಿದರೆ ಪಕ್ಕದಲ್ಲೇ ನೇರಳೆ ಮಾರ್ಗವಿದೆ. ತುಮಕೂರಿನವರಿಗೆ ಯಶವಂತಪುರದಲ್ಲಿ ಹಸಿರು ಮಾರ್ಗ ಹಾಗೆಯೇ ಒದಗುತ್ತದೆ. ಮೆಜೆಸ್ಟಿಕ್‌ನ ರೈಲು ನಿಲ್ದಾಣದಲ್ಲಿ ಇಳಿಯುವವರು, ಅದರಲ್ಲೂ ಹಿಂಬದಿಯ ಪ್ಲಾಟ್‌ಫಾರ್ಮ್‌ಗಳಲ್ಲಿ ಇಳಿಯುವವರು, ಮುಂಬದಿಗೆ ಬಂದು ಮೆಜೆಸ್ಟಿಕ್ ಮೆಟ್ರೊದ ಜನಸಂದಣಿಗೆ ಸೇರುವ ಬದಲು ಹಿಂಬದಿಯಿಂದಲೇ ಸಂಗೊಳ್ಳಿ ರಾಯಣ್ಣ ಮೆಟ್ರೊ ನಿಲ್ದಾಣಕ್ಕೆ ನಡೆದು ಹೋಗಬಹುದು. ಹೊರ ಊರುಗಳಿಂದ ಬರುವವರು ಬೈಯಪ್ಪನಹಳ್ಳಿ ಎಂದು ಕೇಳಿ ಗೊಂದಲಕ್ಕೆ ಬೀಳುವುದುಂಟು. ಬೈಯಪ್ಪನಹಳ್ಳಿಯಲ್ಲಿರುವ ಸರ್ ಎಂ. ವಿಶ್ವೇಶ್ವರಯ್ಯ ರೈಲು ಟರ್ಮಿನಲ್ ಬೇರೆ, ಬೈಯಪ್ಪನಹಳ್ಳಿ ಮೆಟ್ರೊ ನಿಲ್ದಾಣ ಬೇರೆ. ಎರಡರ ನಡುವಿನ ದೂರ ಚೀಲ ಹೊತ್ತು ನಡೆಯುವಂಥದ್ದಲ್ಲ, ಬಸ್ಸನ್ನೋ ಆಟೊವನ್ನೋ ಲೆಕ್ಕದಲ್ಲಿ ಇಟ್ಟುಕೊಂಡೇ ಬರಬೇಕು.

ಇಷ್ಟಾದರೂ ಕಾರಿನಲ್ಲಿಯೇ ಹೋಗಬೇಕಾದವರು ಇದ್ದೇ ಇರುತ್ತಾರೆ. ದಿನಕ್ಕೆ ನಾಲ್ಕು ಕಡೆ ಓಡಾಡುವ ಕೆಲಸದವರು, ಮೊಣಕಾಲು ನೋವಿನವರು, ಹೆಬ್ಬಾಳದಾಚೆಯವರು. ಅವರಿಗೆ ನಾನು ಹೇಳುವುದು ಕಡಿಮೆ. ಮೊಬೈಲಿನ ನಕ್ಷೆ ತೋರಿಸುವ ಒಳದಾರಿಯನ್ನು ಅದೇ ಕ್ಷಣದಲ್ಲಿ ನೂರಾರು ಮಂದಿಗೂ ತೋರಿಸಿರುತ್ತದೆ. ಕಸವನಹಳ್ಳಿ, ಹರಳೂರಿನ ಕಿರಿದಾದ ರಸ್ತೆಗಳಲ್ಲಿ ಎದುರಿಗೆ ಒಂದು ನೀರಿನ ಟ್ಯಾಂಕರ್ ಬಂದರೆ ಉಳಿಸಿದ ಐದು ನಿಮಿಷ ಅಲ್ಲಿಯೇ ಹೋಗುತ್ತದೆ. ಮುಖ್ಯರಸ್ತೆ ನಿಧಾನವಾದರೂ ಎಷ್ಟು ಹೊತ್ತು ಎಂಬ ಅಂದಾಜು ಸಿಗುತ್ತದೆ. ಬಿಟಿಎಂ ಕಡೆಯಿಂದ ಸಿಲ್ಕ್ ಬೋರ್ಡ್‌ಗೆ ಬರುವವರಿಗೆ 2024ರ ಜುಲೈನಲ್ಲಿ ರಾಗಿಗುಡ್ಡದಿಂದ ಎತ್ತರದ ಮೇಲ್ಸೇತುವೆ ತೆರೆದಿದೆ. ಸುಮಾರು 3.3 ಕಿಲೋಮೀಟರ್ ಉದ್ದದ ಇದರ ಕೆಳಗೆ ಹಳೆಯ ರಸ್ತೆ, ಮೇಲೆ ಮೆಟ್ರೊ. ನಡುವಿನ ಸಿಗ್ನಲ್‌ಗಳನ್ನು ಅದು ತಪ್ಪಿಸುತ್ತದೆ, ಆದರೆ ಇಳಿಯುವ ತುದಿಯ ನಂತರದ ದಟ್ಟಣೆಯನ್ನು ತಪ್ಪಿಸುವುದಿಲ್ಲ. ಪಕ್ಕದ ಸೀಟುಗಳು ಖಾಲಿ ಇದ್ದರೆ ಅದೇ ಬಡಾವಣೆಯಿಂದ ಅದೇ ಕಚೇರಿ ಸಮೂಹಕ್ಕೆ ಹೋಗುವ ಪರಿಚಿತರನ್ನು ಕರೆದುಕೊಳ್ಳಿ. ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದು ಸಾಲು ಬರೆದರೆ ಸಾಕಾಗುತ್ತದೆ.

ಮಳೆಯ ದಿನಗಳಿಗೆ ಬೇರೆಯೇ ಎಚ್ಚರ ಬೇಕು. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರಿನ ಬಳಿ ಹೊರವರ್ತುಲ ರಸ್ತೆ ಕೆರೆಯಾದದ್ದನ್ನು ಇಲ್ಲಿನವರು ಮರೆತಿಲ್ಲ. 2023ರ ಮೇ ತಿಂಗಳಲ್ಲಿ ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ತುಂಬಿದ ನೀರಿಗೆ ಕಾರು ಸಿಲುಕಿ ಯುವತಿಯೊಬ್ಬರು ಪ್ರಾಣ ಕಳೆದುಕೊಂಡರು. ಅಂಡರ್‌ಪಾಸ್‌ನೊಳಗೆ ನೀರು ನಿಂತಿರುವುದು ಕಂಡರೆ ಎಷ್ಟು ಆಳ ಎಂದು ಅಂದಾಜು ಮಾಡುತ್ತ ಕೂರದೆ, ಹಿಂದಿನವರು ಎಷ್ಟೇ ಹಾರ್ನ್ ಮಾಡಿದರೂ ಒಳಗೆ ಇಳಿಸಬೇಡಿ. ಬದಿಗೆ ನಿಲ್ಲಿಸಿ ಕಚೇರಿಗೆ ತಡವಾಗುತ್ತದೆಂದು ಫೋನ್ ಮಾಡಿ. ರಾತ್ರಿಯೆಲ್ಲ ಮಳೆ ಸುರಿದಿದ್ದರೆ ಬೆಳಗ್ಗೆ ಕಾರಿನ ಕೀಲಿಯನ್ನು ಮನೆಯಲ್ಲೇ ಬಿಟ್ಟು, ಕೊಡೆಯ ಜೊತೆಗೆ ಇನ್ನೊಂದು ಜೊತೆ ಕಾಲುಚೀಲವನ್ನು ಚೀಲದಲ್ಲಿಟ್ಟುಕೊಂಡು ಮೆಟ್ರೊಗೆ ಹೋಗುವುದು ಕ್ಷೇಮ. ಮೋಡ ದಟ್ಟವಾಗಿದ್ದ ಸಂಜೆಗಳಂದು ಹಿಂದಿರುಗುವ ದಾರಿಗೂ ಇದೇ ಮಾತು ಅನ್ವಯಿಸುತ್ತದೆ, ಏಕೆಂದರೆ ಇಲ್ಲಿನ ಬೇಸಿಗೆಯ ಮಳೆ ಬರುವುದು ಬಹುತೇಕ ಕಚೇರಿ ಬಿಡುವ ಹೊತ್ತಿಗೇ.